ಕಡ ತಂದ ಕಂಠ, ಲೆಕ್ಕ ಹಾಕಿದ ಮತ

2025ರ ಮೇ 17ರಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೂರೋವಿಷನ್ ಗೀತಸ್ಪರ್ಧೆಯ ಫೈನಲ್ ನಡೆಯಿತು. ಅಲ್ಲಿ ಇಟಲಿಯನ್ನು ಅರ್ಧ ಹೊಗಳಿ ಅರ್ಧ ಕೆಣಕುವ ಹಾಡೊಂದು ಮೊಳಗಿತು. ಹೆಸರು ‘ತುತ್ತಾ ಲಿತಾಲಿಯಾ’, ಅಂದರೆ ಇಡೀ ಇಟಲಿ. ಅದೇ ವರ್ಷ ಇಟಲಿಯ ಹೆಸರಾಂತ ಸಾನ್‌ರೆಮೊ ಸಂಗೀತೋತ್ಸವಕ್ಕೆ ಶೀರ್ಷಿಕೆ ಗೀತೆಯಾಗಿದ್ದದ್ದೂ ಇದೇ. ವೇದಿಕೆಯ ಮೇಲಿದ್ದವರು ಟೂರಿನ್ ನಗರದ ಗ್ಯಾಬ್ರಿ ಪೊಂಟೆ. 90ರ ದಶಕದ ಕೊನೆಯಲ್ಲಿ ‘ಬ್ಲೂ’ ಎಂಬ ಹಾಡಿನಿಂದ ಜಗತ್ತನ್ನೇ ಕುಣಿಸಿದ ಐಫೆಲ್ 65 ತಂಡದ ಡೀಜೆ. ಇಷ್ಟೆಲ್ಲ ಇದ್ದೂ ಪೊಂಟೆ ಇಟಲಿಯ ಸ್ಪರ್ಧಿಯಲ್ಲ. ಇಟಲಿ ಲುಚಿಯೊ ಕೊರ್ಸಿ ಎಂಬ ಬೇರೊಬ್ಬರನ್ನು ಕಳಿಸಿ ಐದನೇ ಸ್ಥಾನ ಪಡೆಯಿತು. ಪೊಂಟೆ ನಿಂತಿದ್ದು ಸ್ಯಾನ್ ಮರಿನೊ ಎಂಬ ದೇಶದ ಪರವಾಗಿ. ಫೈನಲ್‌ನಲ್ಲಿದ್ದ 26 ದೇಶಗಳಲ್ಲಿ 27 ಅಂಕದೊಂದಿಗೆ ಕೊನೆಯ ಸ್ಥಾನ.

ಇನ್ನೊಬ್ಬರ ಮನೆಯ ಹಾಡು, ಇನ್ನೊಬ್ಬರ ಮನೆಯ ಕಲಾವಿದ, ಹೆಸರು ಮಾತ್ರ ತನ್ನದು. ಹಾಸ್ಯಕ್ಕೆ ಹೇಳಿ ಮಾಡಿಸಿದ ವಿಷಯ. ಯುರೋಪಿನ ಪತ್ರಿಕೆಗಳಿಗೆ ಪ್ರತಿ ಮೇ ತಿಂಗಳಲ್ಲೂ ಸ್ಯಾನ್ ಮರಿನೊ ಇಂಥ ನಗೆಯ ಸರಕನ್ನು ಒದಗಿಸುತ್ತದೆ. ಆದರೆ ಈ ಪುಟ್ಟ ದೇಶದ ಕಥೆಯಲ್ಲಿ ನಗುವುದಕ್ಕಿಂತ ಹೆಚ್ಚಿನ ವಿಷಯವಿದೆ. ಗಾಯಕರನ್ನು ಕಡ ತರುವುದಲ್ಲ ಅದರ ವಿಚಿತ್ರ. ಆ ದೇಶದ ಜನರ ಮತವನ್ನು ಬೇರೆಯವರು ಕೂತು ಲೆಕ್ಕ ಹಾಕಿ ಬರೆಯುತ್ತಿದ್ದದ್ದು.

ಭೂಪಟದಲ್ಲಿ ಸ್ಯಾನ್ ಮರಿನೊವನ್ನು ಹುಡುಕಬೇಕೆಂದರೆ ಇಟಲಿಯೊಳಗೆ ಹುಡುಕಬೇಕು. ಏಡ್ರಿಯಾಟಿಕ್ ಕಡಲತೀರದ ರಿಮಿನಿ ಪಟ್ಟಣದ ಹಿಂಬದಿಗೆ ತಿತಾನೊ ಎಂಬ ಬೆಟ್ಟ. ಬೆಟ್ಟದ ನೆತ್ತಿಯಲ್ಲಿ ಮೂರು ಕೋಟೆಗೋಪುರ. ಸುತ್ತ 61 ಚದರ ಕಿಲೋಮೀಟರ್ ನೆಲ, 34 ಸಾವಿರದ ಆಸುಪಾಸಿನ ಜನ. ನಮ್ಮ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು. ಕ್ರಿ.ಶ. 301ರಲ್ಲಿ ಮರಿನಸ್ ಎಂಬ ಕಲ್ಲುಕುಟಿಗ ಸ್ಥಾಪಿಸಿದ ಗಣರಾಜ್ಯವಿದು ಎಂಬುದು ಅಲ್ಲಿನವರ ನಂಬಿಕೆ. ನಾಲ್ಕು ದಿಕ್ಕಿಗೂ ಇಟಲಿ. ಭಾಷೆ ಇಟಾಲಿಯನ್, ಟಿವಿಯಲ್ಲಿ ಬರುವುದು ಇಟಲಿಯ ಚಾನೆಲ್, ಮಕ್ಕಳು ಗುನುಗುವುದು ಇಟಲಿಯ ಹಾಡು. ಹಾಗಿದ್ದೂ ರಾಷ್ಟ್ರಧ್ವಜ, ಸಂಸತ್ತು, ವಿಶ್ವಸಂಸ್ಥೆಯಲ್ಲಿ ಕುರ್ಚಿ ಎಲ್ಲವೂ ಪ್ರತ್ಯೇಕ. ಆರಾರು ತಿಂಗಳಿಗೆ ಬದಲಾಗುವ ಇಬ್ಬರು ರಾಷ್ಟ್ರಮುಖ್ಯಸ್ಥರೂ ಇದ್ದಾರೆ.

ಯೂರೋವಿಷನ್‌ನಲ್ಲಿ ಸ್ಪರ್ಧಿಸುವುದು ದೇಶಗಳು ಎಂದು ನಾವು ಅಂದುಕೊಳ್ಳುತ್ತೇವೆ. ವಾಸ್ತವವಾಗಿ ಸ್ಪರ್ಧಿಸುವುದು ಟಿವಿ ವಾಹಿನಿಗಳು. ಯುರೋಪಿನ ಸಾರ್ವಜನಿಕ ಪ್ರಸಾರ ಸಂಸ್ಥೆಗಳ ಒಕ್ಕೂಟವಾದ ಇಬಿಯು 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳನ್ನು ಸೇರಿಸಿ ಈ ಸ್ಪರ್ಧೆ ಶುರುಮಾಡಿತು. ಸಾನ್‌ರೆಮೊ ಉತ್ಸವವೇ ಅದಕ್ಕೆ ಮಾದರಿ. ಒಕ್ಕೂಟದ ಸದಸ್ಯತ್ವವಿರುವ ವಾಹಿನಿ ಇದ್ದರಷ್ಟೇ ಸ್ಪರ್ಧೆಗೆ ಪ್ರವೇಶ. ಲೀಚ್‌ಟೆನ್‌ಸ್ಟೈನ್ ಸ್ಯಾನ್ ಮರಿನೊಗಿಂತ ದೊಡ್ಡ ದೇಶ, ಸಿರಿವಂತ ದೇಶ. ಆದರೆ ಒಕ್ಕೂಟದಲ್ಲಿ ಅದಕ್ಕೆ ಸದಸ್ಯ ವಾಹಿನಿ ಇಲ್ಲ, ಹಾಗಾಗಿ ಇಂದಿಗೂ ಅದು ಹೊರಗೇ. ಇನ್ನೊಂದು ಕಡೆ ವ್ಯಾಟಿಕನ್ ರೇಡಿಯೊ ಒಕ್ಕೂಟದ ಹಳೆಯ ಸದಸ್ಯ. ನಿಯಮದ ಪ್ರಕಾರ ಪೋಪರ ನಾಡಿಗೆ ಬಾಗಿಲು ತೆರೆದೇ ಇದೆ, ಈವರೆಗೆ ಅವರು ಆ ಕಡೆ ಹೆಜ್ಜೆ ಹಾಕಿಲ್ಲ!

ಸ್ಯಾನ್ ಮರಿನೊಗೆ ತನ್ನದೇ ವಾಹಿನಿ ಬಂದದ್ದು 1991ರಲ್ಲಿ. ಅದರಲ್ಲಿ ಅರ್ಧ ಪಾಲು ಇಟಲಿಯ ಸರ್ಕಾರಿ ವಾಹಿನಿ ರಾಯ್‌ನದ್ದು. ಸ್ಪರ್ಧೆಗೆ ಬೇಕಾದ ಗುರುತಿನ ಚೀಟಿಯಲ್ಲೂ ಅರ್ಧ ನೆರೆಯವರ ರುಜು ಇದೆ ಎಂದಾಯಿತು. 2008ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಮಿಯೊದಿಯೊ ಎಂಬ ತಂಡ ‘ಕಾಂಪ್ಲಿಚೆ’ ಎಂಬ ಇಟಾಲಿಯನ್ ಹಾಡಿನೊಂದಿಗೆ ಮೊದಲ ಬಾರಿ ದೇಶವನ್ನು ಪ್ರತಿನಿಧಿಸಿತು. ಸಂಕೋಚದ, ಸೌಮ್ಯವಾದ ರಾಕ್ ಹಾಡು. ಸೆಮಿಫೈನಲ್‌ನಲ್ಲಿ ಐದು ಅಂಕ, ಕೊನೆಯ ಸ್ಥಾನ. ಮುಂದಿನ ಎರಡು ವರ್ಷ ದುಡ್ಡಿಲ್ಲವೆಂದು ವಾಹಿನಿ ಮನೆಯಲ್ಲೇ ಕೂತಿತು. 2011ರಲ್ಲಿ ಎರಿಟ್ರಿಯಾ ಮೂಲದ ತಂದೆತಾಯಿಗೆ ಇಟಲಿಯ ಬೊಲೋನ್ಯಾದಲ್ಲಿ ಹುಟ್ಟಿದ ಸೆನ್‌ಹಿಟ್ ಅವರನ್ನು ಕಳಿಸಿತು. ಫೈನಲ್ ಆಗಲೂ ಕೈಗೆಟುಕಲಿಲ್ಲ.

ಇಲ್ಲಿಂದ ಮುಂದಿನ ಮೂರು ವರ್ಷ ಈ ಕಥೆಯ ಅತ್ಯುತ್ತಮ ಭಾಗ. ಅದಕ್ಕೆ ಕಾರಣ ಒಬ್ಬ ಹೆಣ್ಣುಮಗಳು ಮತ್ತು ಒಬ್ಬ ಹಠಮಾರಿ ಮುದುಕ.

ಆಕೆ ವ್ಯಾಲೆಂಟಿನಾ ಮೊನೆತ್ತಾ. ಸ್ಯಾನ್ ಮರಿನೊದಲ್ಲೇ ಹುಟ್ಟಿ ಬೆಳೆದವರು, ಜಾಝ್ ಹಾಡುಗಾರ್ತಿ. ಆತ ಜರ್ಮನಿಯ ರಾಲ್ಫ್ ಸೀಗಲ್. ಯೂರೋವಿಷನ್‌ಗೆ ಹಾಡು ಕಟ್ಟುವುದನ್ನೇ ಬದುಕಾಗಿಸಿಕೊಂಡಿದ್ದ ಸಂಯೋಜಕ. 1982ರಲ್ಲಿ ನಿಕೋಲ್ ಎಂಬ ಹದಿಹರೆಯದ ಹುಡುಗಿ ಜರ್ಮನಿಗೆ ಮೊದಲ ಗೆಲುವು ತಂದುಕೊಟ್ಟ ಹಾಡಿಗೆ ರಾಗ ಹಾಕಿದ್ದು ಇವರೇ. ಕಾಲ ಬದಲಾಯಿತು. ಸ್ವಂತ ದೇಶದಲ್ಲಿ ಕೇಳುವವರು ಕಡಿಮೆಯಾದಾಗ ಸೀಗಲ್ ಸ್ಯಾನ್ ಮರಿನೊದ ಬಾಗಿಲು ತಟ್ಟಿದರು. ಹಾಡಿಲ್ಲದ ದೇಶಕ್ಕೆ ದೇಶವಿಲ್ಲದ ಸಂಯೋಜಕ ಸಿಕ್ಕ.

2012ರ ಬಾಕು ಸ್ಪರ್ಧೆಗೆ ಸೀಗಲ್ ಕೊಟ್ಟ ಹಾಡು ಫೇಸ್‌ಬುಕ್ ಬಗ್ಗೆ. ಹಾಡಿನ ಹೆಸರಿನಲ್ಲೇ ಫೇಸ್‌ಬುಕ್ ಇತ್ತು. ಒಂದು ಕಂಪನಿಯ ಜಾಹೀರಾತಿನಂತಿದೆ ಎಂದು ಇಬಿಯು ಅದನ್ನು ತಿರಸ್ಕರಿಸಿತು. ಆ ಶಬ್ದವನ್ನು ಕಿತ್ತುಹಾಕಿ ‘ಸೋಶಿಯಲ್ ನೆಟ್‌ವರ್ಕ್ ಸಾಂಗ್’ ಎಂದು ಮರುನಾಮಕರಣ ಮಾಡಿ, ಅದೇ ರಾಗಕ್ಕೆ ಹಾಡಿಸಿದರು. ಜಾಝ್ ಕಲಿತ ಕಂಠ ಲ್ಯಾಪ್‌ಟಾಪಿನ ಮುಂದೆ ಕೂತ ಪ್ರಣಯದ ಕಥೆಯನ್ನು ನಗುನಗುತ್ತಾ ಹಾಡಬೇಕಾಯಿತು. ಆ ವರ್ಷದ ಅತಿ ಕೆಟ್ಟ ಹಾಡುಗಳ ಪಟ್ಟಿ ಮಾಡಿದವರಲ್ಲಿ ಅನೇಕರು ಇದಕ್ಕೆ ಮೇಲಿನ ಸ್ಥಾನ ಕೊಟ್ಟರು. ನನಗೂ ಅದನ್ನು ಸಮರ್ಥಿಸುವ ಧೈರ್ಯವಿಲ್ಲ. ಸೆಮಿಫೈನಲ್‌ನಲ್ಲಿ 14ನೇ ಸ್ಥಾನ.

ಮಾನ ಇರುವ ಯಾವ ಹಾಡುಗಾರ್ತಿಯೂ ಅಲ್ಲಿಗೆ ಕೈಮುಗಿದು ಹೊರಡುತ್ತಿದ್ದಳು. ಮೊನೆತ್ತಾ ಮರುವರ್ಷ ಮತ್ತೆ ಬಂದರು. 2013ರಲ್ಲಿ ಸ್ವೀಡನ್ನಿನ ಮಾಲ್ಮೋದಲ್ಲಿ ಹಾಡಿದ್ದು ‘ಕ್ರಿಸಾಲಿದೆ’. ಸೀಗಲ್‌ರದೇ ಸಂಯೋಜನೆ, ಆದರೆ ಈ ಬಾರಿ ಇಟಾಲಿಯನ್ ಭಾಷೆಯಲ್ಲಿ, ಆಕೆಯ ಕಂಠಕ್ಕೆ ತಕ್ಕ ನಿಧಾನಗತಿಯಲ್ಲಿ. ಹಾಡು ಕೊನೆಯಲ್ಲಿ ಒಮ್ಮೆಗೇ ವೇಗ ಪಡೆದು ರೆಕ್ಕೆ ಬಿಚ್ಚುತ್ತದೆ. ನೆಚ್ಚಿದವರು ಬಹಳ ಮಂದಿ. ಪ್ರತಿ ಸೆಮಿಫೈನಲ್‌ನಿಂದ ಹತ್ತು ದೇಶಗಳಿಗೆ ಫೈನಲ್ ಪ್ರವೇಶ. ಸ್ಯಾನ್ ಮರಿನೊ 11ನೆಯದಾಯಿತು.

ಮೂರನೇ ವರ್ಷವೂ ಬಂದರು. 2014, ಕೋಪನ್‌ಹೇಗನ್, ಹಡಗು ಕಟ್ಟುತ್ತಿದ್ದ ಹಳೆಯ ಕಾರ್ಖಾನೆಯಲ್ಲಿ ಎಬ್ಬಿಸಿದ ವೇದಿಕೆ, ಹಾಡು ‘ಮೇಬಿ’. ಹಿಂದಿನ ವರ್ಷದ ಹಾಡಿನಷ್ಟು ಸತ್ವದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಸೆಮಿಫೈನಲ್‌ನಲ್ಲಿ ಹತ್ತನೇ ಸ್ಥಾನ ಸಿಕ್ಕಿತು, ಸ್ಯಾನ್ ಮರಿನೊ ಮೊದಲ ಬಾರಿ ಫೈನಲ್ ತಲುಪಿತು. ಅಲ್ಲಿ 14 ಅಂಕ, 24ನೇ ಸ್ಥಾನ. ಸತತ ಮೂರು ವರ್ಷ ಒಬ್ಬರೇ ಒಂದು ದೇಶದ ಪರ ಹಾಡುವುದು ಅಪರೂಪ. 1964ರಿಂದ 66ರವರೆಗೆ ಆಸ್ಟ್ರಿಯಾದ ಪರ ಮೂರು ಬಾರಿ ಹಾಡಿದ ಉಡೊ ಯುರ್ಗೆನ್ಸ್ ಮೂರನೆಯ ಬಾರಿ ಗೆದ್ದೇಬಿಟ್ಟಿದ್ದರು. ಮೊನೆತ್ತಾ ಗೆಲ್ಲಲಿಲ್ಲ. ಆದರೆ ತನ್ನ ನೆಲದ ಮಗಳೊಬ್ಬಳು ಫೈನಲ್‌ನಲ್ಲಿ ಹಾಡಿದ ಸಂತೋಷ ಆ ದೇಶಕ್ಕೆ ಸಿಕ್ಕಿತು. 2017ರಲ್ಲಿ ಕೀವ್‌ಗೆ ನಾಲ್ಕನೇ ಬಾರಿ, ಈ ಸಲ ಅಮೆರಿಕದ ಜಿಮ್ಮಿ ವಿಲ್ಸನ್ ಜೊತೆಗಾರರಾಗಿ, ಹೋಗಿ ಒಂದೇ ಒಂದು ಅಂಕದೊಂದಿಗೆ ಮರಳಿದ ಸಂಗತಿಯನ್ನು ಇಲ್ಲಿ ಹೆಚ್ಚು ಬೆಳೆಸುವುದು ಬೇಡ.

ಇನ್ನು ಕಡದ ವಿಷಯ. 34 ಸಾವಿರ ಜನರಲ್ಲಿ ವರ್ಷಕ್ಕೊಬ್ಬ ಅಂತರರಾಷ್ಟ್ರೀಯ ದರ್ಜೆಯ ಗಾಯಕರನ್ನು ಎಲ್ಲಿಂದ ಹುಡುಕುವುದು? ಯೂರೋವಿಷನ್ ನಿಯಮಗಳಲ್ಲಿ ಹಾಡು ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ಇರಬಾರದು, ಮುಖ್ಯ ಗಾಯನ ಆ ಕ್ಷಣದ್ದೇ ಆಗಿರಬೇಕು. ಗಾಯಕರು ಯಾವ ದೇಶದವರು ಎಂದು ಮಾತ್ರ ಯಾರೂ ಕೇಳುವುದಿಲ್ಲ. 1988ರಲ್ಲಿ ಸ್ವಿಟ್ಜರ್ಲೆಂಡಿಗೆ ಗೆಲುವು ತಂದ ಸೆಲೀನ್ ಡಿಯೋನ್ ಕೆನಡಾದವರು. ಲಕ್ಸೆಂಬರ್ಗ್ ಐದು ಬಾರಿ ಗೆದ್ದಿದೆ. ಗೆಲ್ಲಿಸಿದ ಐವರಲ್ಲಿ ನಾಲ್ವರು ಫ್ರೆಂಚರು, ಇನ್ನೊಬ್ಬರು ಗ್ರೀಕ್ ಮೂಲದ ವಿಕಿ ಲಿಯಾಂಡ್ರೋಸ್. 1971ರಲ್ಲಿ ಮೊನಾಕೊಗೆ ಗೆಲುವು ತಂದ ಸೆವೆರೀನ್ ಕೂಡ ಫ್ರೆಂಚ್ ಗಾಯಕಿ. ಗೆದ್ದವರ ಮನೆಯಲ್ಲಿ ಮುಂದಿನ ವರ್ಷದ ಸ್ಪರ್ಧೆ ನಡೆಯಬೇಕೆಂಬುದು ವಾಡಿಕೆ. ಮೊನಾಕೊ ನಡೆಸಲಾರದೆ ಕೈಚೆಲ್ಲಿತು, 1972ರ ಸ್ಪರ್ಧೆ ಎಡಿನ್‌ಬರೋಗೆ ಹೋಯಿತು. ಲಕ್ಸೆಂಬರ್ಗ್ 72 ಮತ್ತು 73ರಲ್ಲಿ ಬೆನ್ನುಬೆನ್ನಿಗೆ ಗೆದ್ದು, ಒಮ್ಮೆ ನಡೆಸಿ, ಎರಡನೇ ಬಾರಿ ಒಲ್ಲೆ ಎಂದಿತು. ಬ್ರೈಟನ್‌ಗೆ ಹೋದ ಆ 1974ರ ಸ್ಪರ್ಧೆಯಲ್ಲೇ ಆಬಾ ತಂಡ ಗೆದ್ದಿದ್ದು. ಪುಟ್ಟ ದೇಶಗಳಿಗೆ ಸೋಲು ಕಷ್ಟವಲ್ಲ, ಗೆಲುವೇ ದುಬಾರಿ.

ಹೀಗೆ ನೋಡಿದರೆ ಸ್ಯಾನ್ ಮರಿನೊ ಮಾಡುತ್ತಿರುವುದು ಹೊಸದೇನಲ್ಲ. ಅಂಥ ಕಡದವರಲ್ಲಿ ನನಗೆ ಇಷ್ಟವಾಗುವವರು ಸೆರ್ಹಾತ್. ಟರ್ಕಿಯ ಟಿವಿ ನಿರೂಪಕ, ಓದಿದ್ದು ದಂತವೈದ್ಯ ವಿಜ್ಞಾನ. ಟರ್ಕಿ 2012ರ ನಂತರ ಯೂರೋವಿಷನ್ ಬಿಟ್ಟಿತು. ಸೆರ್ಹಾತ್ ಸ್ಯಾನ್ ಮರಿನೊ ಮೂಲಕ ಒಳಬಂದರು. 2016ರಲ್ಲಿ ಮೊದಲ ಯತ್ನ, ಸೋಲು. 2019ರಲ್ಲಿ ಟೆಲ್ ಅವೀವ್‌ನಲ್ಲಿ ‘ಸೇ ನಾ ನಾ ನಾ’ ಎಂದು, ತಾರಸ್ಥಾಯಿಯ ಗೊಡವೆಗೇ ಹೋಗದೆ, ಅರ್ಧ ಮಾತು ಅರ್ಧ ಹಾಡಿನಂತೆ ಹಾಡಿ, ಕೈ ಆಡಿಸುವ ಒಂದು ಸುಲಭದ ಹೆಜ್ಜೆ ಹಾಕಿ ಎಲ್ಲರನ್ನೂ ನಗಿಸಿದರು. ಹಿಂದೆ ಯಾವ ಸ್ಯಾನ್ ಮರಿನೊ ಹಾಡಿಗೂ ಸಿಗದ 19ನೇ ಸ್ಥಾನ ಫೈನಲ್‌ನಲ್ಲಿ ಸಿಕ್ಕಿತು. ಇಂದಿಗೂ ಅದೇ ಆ ದೇಶದ ಅತ್ಯುತ್ತಮ ಸಾಧನೆ. 2021ರಲ್ಲಿ ಸೆನ್‌ಹಿಟ್ ಮರಳಿ ಬಂದಾಗ ಜೊತೆಗೆ ಅಮೆರಿಕದ ರ‍್ಯಾಪರ್ ಫ್ಲೋ ರೈಡಾ ಇದ್ದರು. ಭಾರೀ ಪ್ರಚಾರ, ಕೊನೆಗೆ 22ನೇ ಸ್ಥಾನ. ಹೆಸರಿನ ತೂಕ ಅಂಕಗಳಾಗಿ ಬದಲಾಗುವುದಿಲ್ಲ ಎಂದು ರಾಟರ್‌ಡ್ಯಾಮ್ ತೋರಿಸಿಕೊಟ್ಟಿತು.

2022ರಿಂದ ವಾಹಿನಿ ಈ ಕಡದ ವ್ಯವಹಾರಕ್ಕೆ ಅಂಗಡಿಯನ್ನೇ ತೆರೆಯಿತು. ಯಾವ ದೇಶದವರೂ ಸ್ಪರ್ಧಿಸಬಹುದಾದ ಆಯ್ಕೆ ಸುತ್ತು. ಮೊದಲ ವರ್ಷವೇ ಗೆದ್ದವರು ಇಟಲಿಯ ತಾರೆ ಅಕಿಲೆ ಲಾವ್ರೊ. ಸಾನ್‌ರೆಮೊದಲ್ಲಿ ಹಾಡಿ, ಗೆಲ್ಲದೆ, ಕೆಲವೇ ವಾರಗಳಲ್ಲಿ ಸ್ಯಾನ್ ಮರಿನೊ ಬಾಗಿಲಿಗೆ ಬಂದವರು. 2024ರಲ್ಲಿ ಗೆದ್ದ ಮೆಗಾರಾ ಸ್ಪೇನಿನ ತಂಡ, ಹಿಂದಿನ ವರ್ಷ ಸ್ಪೇನಿನದೇ ಆಯ್ಕೆ ಸುತ್ತಿನಲ್ಲಿ ಸೋತಿತ್ತು. ತವರಿನಲ್ಲಿ ಅವಕಾಶ ಸಿಗದವರಿಗೆ ಎರಡನೇ ಬಾಗಿಲು ಎನ್ನುವಂತಾಯಿತು ಈ ಬೆಟ್ಟದ ದೇಶ. ಅಂದ ಹಾಗೆ, ಇದರಿಂದ ಗೆಲುವಿನ ಹಾದಿಯೇನೂ ಸುಗಮವಾಗಲಿಲ್ಲ. ಲಾವ್ರೊ ಫೈನಲ್ ತಲುಪಲಿಲ್ಲ. 2023ರ ಟಸ್ಕನಿ ತಂಡ ಪಿಕ್ಡ್ ಜ್ಯಾಕ್ಸ್‌ಗೆ ಸೆಮಿಫೈನಲ್‌ನಲ್ಲಿ ಸಿಕ್ಕಿದ್ದು ಸೊನ್ನೆ.

ಇದನ್ನೆಲ್ಲ ನಾಚಿಕೆಗೇಡು ಎನ್ನುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಯಾನ್ ಮರಿನೊ ಮೂರು ಪದಕ ಗೆದ್ದು, ಒಲಿಂಪಿಕ್ ಪದಕ ಪಡೆದ ಅತಿ ಚಿಕ್ಕ ದೇಶವಾಯಿತು. ಕಂಚು ತಂದ ಕುಸ್ತಿಪಟು ಮೈಲ್ಸ್ ಅಮೀನ್ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ. ಯಾರೂ ನಗಲಿಲ್ಲ. ಹಾಡಿಗೆ ಮಾತ್ರ ಯಾಕೆ ಬೇರೆ ಅಳತೆಗೋಲು?

ನನ್ನ ತಕರಾರು ಇರುವುದು ಮತದ ಲೆಕ್ಕದ ಬಗ್ಗೆ.

ಯೂರೋವಿಷನ್‌ನ ದೊಡ್ಡತನ ಇರುವುದು ಅದರ ಸಮಾನತೆಯಲ್ಲಿ. ಪ್ರತಿ ದೇಶ ತನಗೆ ಹಿಡಿಸಿದ ಹತ್ತು ಹಾಡುಗಳಿಗೆ 12, 10, ಆಮೇಲೆ 8ರಿಂದ 1ರವರೆಗೆ ಅಂಕ ಕೊಡುತ್ತದೆ. ಕೂಡಿಸಿದರೆ 58. 2016ರಿಂದ ಸಂಗೀತ ಬಲ್ಲ ತೀರ್ಪುಗಾರರ ಮಂಡಳಿ ಒಂದು 58, ಟಿವಿ ನೋಡುವ ಜನ ಇನ್ನೊಂದು 58 ಕೊಡುತ್ತಾರೆ, ಒಟ್ಟು 116. ಎಂಟು ಕೋಟಿ ಜನರ ಜರ್ಮನಿಗೂ 116, 34 ಸಾವಿರ ಜನರ ಸ್ಯಾನ್ ಮರಿನೊಗೂ 116. ಈ ಎರಡು ದೇಶಗಳು ಇಷ್ಟು ಸರಿಸಮ ನಿಲ್ಲುವ ವೇದಿಕೆ ಅಪರೂಪ. ತನ್ನ ದೇಶದ ಹಾಡಿಗೆ ತಾನೇ ಮತ ಹಾಕುವಂತಿಲ್ಲ ಎಂಬ ನಿಯಮದಿಂದ ದೊಡ್ಡ ದೇಶದ ಜನಸಂಖ್ಯೆ ಅದರ ಸ್ವಂತ ಹಾಡಿಗೆ ನೆರವಾಗುವುದೂ ಇಲ್ಲ.

ಆದರೆ ಫೋನ್ ಮತ ಎಣಿಸಲು ಪ್ರತ್ಯೇಕ ಫೋನ್ ಜಾಲ ಬೇಕು. ಸ್ಯಾನ್ ಮರಿನೊದ ಕರೆಗಳು ಇಟಲಿಯ ಜಾಲದಲ್ಲಿ ಬೆರೆತುಹೋಗುತ್ತವೆ. ತಿತಾನೊ ಬೆಟ್ಟದಿಂದ ಯಾರೋ ಒತ್ತಿದ ಸಂಖ್ಯೆ, ರಿಮಿನಿಯ ಹೋಟೆಲಿನಿಂದ ಒತ್ತಿದ್ದೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಬೇರ್ಪಡಿಸಿದರೂ, ನಂಬಬಹುದಾದ ಫಲಿತಾಂಶಕ್ಕೆ ಬೇಕಾದಷ್ಟು ಕರೆಗಳು ಅಷ್ಟು ಸಣ್ಣ ಜನಸಂಖ್ಯೆಯಿಂದ ಬರುವುದು ಕಷ್ಟ. ಮೊದಲ ವರ್ಷಗಳಲ್ಲಿ ಇದಕ್ಕೆ ಸುಲಭದ ದಾರಿ ಇತ್ತು. ತೀರ್ಪುಗಾರರ ಪಟ್ಟಿಯನ್ನೇ ಇಡೀ ದೇಶದ ಮತ ಎಂದು ಎಣಿಸುತ್ತಿದ್ದರು. 2016ರಲ್ಲಿ ಜನರ ಅಂಕ ಮತ್ತು ತೀರ್ಪುಗಾರರ ಅಂಕ ಬೇರೆಯಾದಾಗ ಆ ದಾರಿ ಮುಚ್ಚಿತು. ಇಬಿಯು ಹೊಸ ಉಪಾಯ ಕಂಡುಕೊಂಡಿತು. ಕೆಲವು ದೇಶಗಳ ಗುಂಪನ್ನು ಆರಿಸಿ, ಆ ಜನರ ಫೋನ್ ಮತಗಳನ್ನು ಒಟ್ಟುಗೂಡಿಸಿ ಲೆಕ್ಕ ತೆಗೆದು, ಬಂದ ಫಲಿತಾಂಶವನ್ನು ‘ಸ್ಯಾನ್ ಮರಿನೊದ ಜನರ ಮತ’ ಎಂದು ದಾಖಲಿಸುವುದು. ಅಂದರೆ ಸ್ಯಾನ್ ಮರಿನೊದ ಪ್ರೇಕ್ಷಕ ಎಂಬುವನನ್ನು ಗಣಿತದಿಂದ ಸೃಷ್ಟಿಸಿದರು. ನಿಜವಾದ ಪ್ರೇಕ್ಷಕ ಸೋಫಾದ ಮೇಲೆ ಕೂತು, ತನ್ನ ದೇಶ ಯಾರಿಗೆ ಮತ ಹಾಕಿದೆ ಎಂದು ಟಿವಿ ನೋಡಿ ತಿಳಿಯಬೇಕಾಯಿತು.

ಇದು ತುದಿ ಮುಟ್ಟಿದ್ದು 2022ರಲ್ಲಿ. ಟೂರಿನ್‌ನ ಎರಡನೇ ಸೆಮಿಫೈನಲ್‌ನಲ್ಲಿ ಆರು ದೇಶಗಳ ತೀರ್ಪುಗಾರರ ಅಂಕಗಳಲ್ಲಿ ಅಸಹಜ ವಿನ್ಯಾಸ ಕಂಡಿದೆ ಎಂದು ಇಬಿಯು ಹೇಳಿತು. ಅಜರ್‌ಬೈಜಾನ್, ಜಾರ್ಜಿಯಾ, ಮಾಂಟೆನೆಗ್ರೊ, ಪೋಲೆಂಡ್, ರೊಮೇನಿಯಾ ಜೊತೆ ಆರನೆಯದು ಸ್ಯಾನ್ ಮರಿನೊ. ಅವುಗಳ ತೀರ್ಪುಗಾರರ ಅಂಕವನ್ನು ಬದಿಗಿಟ್ಟು, ಬೇರೆ ದೇಶಗಳ ಆಧಾರದ ಮೇಲೆ ಬದಲಿ ಲೆಕ್ಕ ಹಾಕಲಾಯಿತು. ಬೇರೆ ಐದು ದೇಶಗಳಿಗೆ ಜನರ ಮತವಾದರೂ ಉಳಿಯಿತು. ಸ್ಯಾನ್ ಮರಿನೊಗೆ ಅದೂ ಇರಲಿಲ್ಲ. ಆ ವರ್ಷದ ಫೈನಲ್‌ನಲ್ಲಿ ಸ್ಯಾನ್ ಮರಿನೊ ಹೆಸರಿನಲ್ಲಿ ಹಂಚಿದ 116 ಅಂಕಗಳಲ್ಲಿ ಒಂದನ್ನೂ ಆ ದೇಶದ ಯಾರೂ ಕೊಟ್ಟದ್ದಲ್ಲ. ಅಂಕ ಕೊಟ್ಟ ದೇಶಗಳ ಪಟ್ಟಿಯಲ್ಲಿ ಮಾತ್ರ ಅದರ ಹೆಸರು ಎಲ್ಲರ ಸಾಲಿನಲ್ಲೇ ಇತ್ತು. ಸಮಾನತೆಯ ಆಚರಣೆ ಉಳಿಯಿತು, ಸಮಾನರು ಉಳಿಯಲಿಲ್ಲ.

ತಪ್ಪು ಯಾರದ್ದು ಎಂದು ಕೇಳಿದರೆ ಉತ್ತರ ನೇರವಾಗಿಲ್ಲ. ಮತವೇ ಇಲ್ಲ ಎಂದು ಸ್ಯಾನ್ ಮರಿನೊವನ್ನು ಹೊರಗಿಟ್ಟರೆ ಸ್ಪರ್ಧೆಯ ಮೂಲ ತತ್ವಕ್ಕೇ ಪೆಟ್ಟು. ಮತ ಕಡಿಮೆ ಎಂದು ಅಂಕ ಕಡಿತ ಮಾಡಿದರೆ ಜನಸಂಖ್ಯೆಯ ಮೇಲೆ ತೂಗಿದಂತೆ. ಪುಟ್ಟ ದೇಶಗಳು ಈ ಸ್ಪರ್ಧೆಯಲ್ಲಿ ಹೆಚ್ಚು ದಿನ ಬಾಳುವುದೂ ಇಲ್ಲ. ಅಂಡೋರಾ 2004ರಿಂದ 2009ರವರೆಗೆ ಆರು ಬಾರಿ ಬಂದು, ಒಮ್ಮೆಯೂ ಫೈನಲ್ ಕಾಣದೆ ಹೊರಟಿತು. ಮೊನಾಕೊ 2006ರ ನಂತರ ಇಲ್ಲ. ಲಕ್ಸೆಂಬರ್ಗ್ 31 ವರ್ಷ ದೂರ ಉಳಿದು 2024ರಲ್ಲಷ್ಟೇ ಮರಳಿತು. 2011ರಿಂದ ಬಿಡದೆ ಬರುತ್ತಿರುವ ಸ್ಯಾನ್ ಮರಿನೊದ ಛಲಕ್ಕೆ ಇಬಿಯು ಒಂದಿಷ್ಟು ಗಣಿತದ ಸಹಾಯ ಮಾಡಿದ್ದನ್ನು ಪೂರ್ತಿ ದೂರಲಾರೆ.

ಆದರೆ ಆ ಸಬೂಬಿಗೆ ಇನ್ನು ಹೆಚ್ಚು ಆಯುಷ್ಯ ಇರಬಾರದು. 2023ರಲ್ಲಿ ಇಬಿಯು ಹೊಸ ಬಾಗಿಲೊಂದನ್ನು ತೆರೆಯಿತು. ಸ್ಪರ್ಧೆಯಲ್ಲಿಲ್ಲದ ದೇಶಗಳ ಜನರೂ ಆನ್‌ಲೈನ್‌ನಲ್ಲಿ ಮತ ಹಾಕಬಹುದು. ಗುರುತಿಗೆ ಕ್ರೆಡಿಟ್ ಕಾರ್ಡ್ ಸಾಕು, ಕಾರ್ಡು ಯಾವ ದೇಶದ್ದೆಂದು ವ್ಯವಸ್ಥೆಗೆ ತಿಳಿಯುತ್ತದೆ. ಹೀಗೆ ಬಂದ ಮತಗಳೆಲ್ಲ ‘ಉಳಿದ ಜಗತ್ತು’ ಎಂಬ ಒಂದೇ ದೇಶದ ಲೆಕ್ಕಕ್ಕೆ ಸೇರಿ 58 ಅಂಕಗಳಾಗುತ್ತವೆ. ಭಾರತ, ಅಮೆರಿಕ, ಬ್ರೆಜಿಲ್ ಎಲ್ಲ ಕೂಡಿ 58. ಒಂಟಿ ಸ್ಯಾನ್ ಮರಿನೊಗೆ 116. ಅಳತೆ ತಲೆಕೆಳಗು ಎನಿಸಬಹುದು, ನನಗೆ ಅದರಲ್ಲಿ ದೂರಿಲ್ಲ. ದೂರಿರುವುದು ಇಷ್ಟೇ: ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಕೂತವರ ಮತವನ್ನು ಕಾರ್ಡಿನ ಆಧಾರದ ಮೇಲೆ ಗುರುತಿಸಬಲ್ಲ ವ್ಯವಸ್ಥೆ, ಸ್ಯಾನ್ ಮರಿನೊದ ಬ್ಯಾಂಕುಗಳು ಕೊಟ್ಟ ಕಾರ್ಡುಗಳನ್ನು ಗುರುತಿಸಲಾರದೇ? ಮತ ನೂರೇ ಬರಲಿ, ಇನ್ನೂರೇ ಬರಲಿ. ಸ್ವಂತ ಗಾಯಕರಿಲ್ಲದಿದ್ದರೆ ಕಡ ತರಬಹುದು, ಹಾಡಿಲ್ಲದಿದ್ದರೆ ಕೊಳ್ಳಬಹುದು. ಮೆಚ್ಚುಗೆಯನ್ನು ಮಾತ್ರ ಇನ್ನೊಬ್ಬರು ಅವರ ಪರವಾಗಿ ವ್ಯಕ್ತಪಡಿಸುವುದು ಸರಿಯಲ್ಲ.

ನೋಡುವ ಆಸಕ್ತಿ ಇರುವವರಿಗೆ ಕೊನೆಯದೊಂದು ಮಾತು. ಫೈನಲ್ ಸಾಮಾನ್ಯವಾಗಿ ಮೇ ತಿಂಗಳ ಒಂದು ಶನಿವಾರ, ಅಲ್ಲಿನ ರಾತ್ರಿ 9ಕ್ಕೆ ಶುರುವಾಗುತ್ತದೆ. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿ 12.30. ಯೂಟ್ಯೂಬಿನಲ್ಲಿ ನೇರ ಪ್ರಸಾರ ಇರುತ್ತದೆ. ಫೈನಲ್ ಮಾತ್ರ ನೋಡಿದರೆ ಸ್ಯಾನ್ ಮರಿನೊ ಸಿಗುವುದು ಅನುಮಾನ. 2025ರವರೆಗೆ ಅದು ಅಲ್ಲಿ ಹಾಡಿದ್ದು ನಾಲ್ಕೇ ಬಾರಿ. ಅದೇ ವಾರದ ಮಂಗಳವಾರ ಮತ್ತು ಗುರುವಾರದ ಸೆಮಿಫೈನಲ್‌ಗಳನ್ನು ನೋಡಿ.